ಓಟಕ್ಕೆ ಇನ್ನೆಷ್ಟು ಗಂಟೆ? 800 ಮೀಟರ್ ಓಟಗಾರ್ತಿಯೊಬ್ಬಳ ಮಸಾಜ್ ಬದಲಿಸಿದ ಪ್ರಕರಣ

ಹಿನ್ನೆಲೆ

ಇಲ್ಲಿ ಬರುವ ಓಟಗಾರ್ತಿಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಮುಖ್ಯ ಸ್ಪರ್ಧೆ 800 ಮೀಟರ್, ಆಗೀಗ 1500 ಮೀಟರ್ ಕೂಡ ಓಡುತ್ತಾಳೆ. ಗುರುತು ಸಿಗಬಾರದೆಂದು ವಯಸ್ಸು, ಸ್ಪರ್ಧೆಯ ಕಾಲ, ತಂಡದ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ನೋವು, ಪರೀಕ್ಷೆ, ಚಿಕಿತ್ಸೆಯ ವಿಷಯ ಮಾತ್ರ ಇದ್ದ ಹಾಗೇ ಇದೆ. ಬರೆಯಲು ಆಕೆಯೂ ಒಪ್ಪಿದ್ದಾಳೆ, ಕೋಚ್ ಕೂಡ ಒಪ್ಪಿದ್ದಾರೆ. ನಾನು ತಂಡದ ಫಿಸಿಯೋಥೆರಪಿಸ್ಟ್. ಮಸಾಜ್ ನನ್ನ ಕೆಲಸದಲ್ಲಿ ಒಂದು ಪಾಲು, ಅಷ್ಟೇ. ಓಟಗಾರರು ಮಾತ್ರ ನನ್ನನ್ನು ಹುಡುಕಿಕೊಂಡು ಬರುವುದು ಹೆಚ್ಚಾಗಿ ಅದಕ್ಕೇ.

ನನ್ನ ಬಳಿ ಬರುವ ಹೊತ್ತಿಗೆ ಆಕೆ ವಾರಕ್ಕೊಮ್ಮೆ ತಪ್ಪದೆ 'ಡೀಪ್ ಟಿಶ್ಯೂ' ಮಸಾಜ್ ಮಾಡಿಸಿಕೊಳ್ಳುತ್ತಿದ್ದಳು. ಹಿಂದೆ ಇದ್ದ ತರಬೇತಿ ಕೇಂದ್ರದಲ್ಲಿ ಅಂಟಿದ ಅಭ್ಯಾಸ. ಪ್ರತಿ ಗುರುವಾರ ಸಂಜೆ, ಒಂದು ಗಂಟೆ. ಆ ದಿನ ಗೊತ್ತಾಗಿದ್ದು ಮಸಾಜ್ ಮಾಡುವವರ ಬಿಡುವು ನೋಡಿಕೊಂಡೇ ಹೊರತು ಆಕೆಯ ಓಟದ ವೇಳಾಪಟ್ಟಿ ನೋಡಿಕೊಂಡಲ್ಲ. ಸ್ಪರ್ಧೆಗಳು ಬರುತ್ತಿದ್ದುದು ಬಹುಪಾಲು ಶನಿವಾರ, ಭಾನುವಾರ. ಮೊಣಕೈ ಊರಿ ತೊಡೆಯ ಹಿಂಭಾಗವನ್ನು ಉದ್ದಕ್ಕೂ ಉಜ್ಜುವುದು, ಗಂಟು ಸಿಕ್ಕಿದಲ್ಲಿ ಹೆಬ್ಬೆರಳಿಟ್ಟು ಒತ್ತಿ ಹಿಡಿಯುವುದು, ಕೊನೆಗೆ ಪಿರ್ರೆಯ ಕೆಳ ಅಂಚಿನಲ್ಲಿ, ಕೂತಾಗ ನೆಲಕ್ಕೆ ತಾಗುವ ಮೂಳೆಯ ಹತ್ತಿರ, ಸ್ನಾಯುರಜ್ಜುವನ್ನು (ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿ) ಅಡ್ಡಡ್ಡ ತಿಕ್ಕುವುದು. ಮರುದಿನ ಚರ್ಮ ನೀಲಿಗಟ್ಟಿದ್ದರೆ ಮಸಾಜ್ ಚೆನ್ನಾಗಿ ಆಯಿತು ಅಂತ ಆಕೆಯ ಲೆಕ್ಕ. ಈ ಲೆಕ್ಕ ಆಕೆಯದೊಂದೇ ಅಲ್ಲ, ಟ್ರ್ಯಾಕಿನಲ್ಲಿ ಅರ್ಧಕ್ಕರ್ಧ ಜನ ಹಾಗೇ ನಂಬಿರುತ್ತಾರೆ.

ಸಮಸ್ಯೆ

ದೂರು ಎರಡು. ಎಡತೊಡೆಯ ಹಿಂಭಾಗದ ಮೇಲ್ತುದಿಯಲ್ಲಿ ನಾಲ್ಕು ತಿಂಗಳಿನಿಂದ ನೋವು. ಜತೆಗೆ, ಸ್ಪರ್ಧೆಯ ದಿನ ಕಾಲು ಭಾರ. "ಐನೂರು ಮೀಟರ್ ತನಕ ಏನೂ ಅನಿಸಲ್ಲ ಮೇಡಂ. ಆಮೇಲೆ ಕಾಲಲ್ಲಿ ಜೀವಾನೇ ಇರಲ್ಲ. ಪ್ರಾಕ್ಟೀಸಲ್ಲಿ ಹಿಂಗಾಗಲ್ಲ, ಮೀಟಲ್ಲೇ ಆಗೋದು" ಎಂದಳು.

ಕೋಚ್ ಅನುಭವಸ್ಥರು. ಎರಡಕ್ಕೂ ಒಂದೇ ಕಾರಣ ಎಂದು ಅವರು ಆಗಲೇ ತೀರ್ಮಾನಿಸಿದ್ದರು: ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದ ಸ್ನಾಯು, ಬಿಗಿಯಾಗಿದೆ, ವಾರಕ್ಕೆ ಒಂದು ಮಸಾಜ್ ಸಾಲದು, ಎರಡಾಗಬೇಕು. ಅವರು ನನಗೆ ವಹಿಸಿದ್ದು ಆ ಎರಡನೆಯದನ್ನು.

ಮೊದಲ ಭೇಟಿಯ ದಿನವೂ ಗುರುವಾರ, ಶನಿವಾರ ಓಟ. ಆಕೆ ಬಂದವಳೇ ಮೇಜಿನ ಮೇಲೆ ಬೋರಲು ಮಲಗಿ, "ಚೆನ್ನಾಗಿ ಒತ್ತಿಬಿಡಿ ಮೇಡಂ, ನೋವಾದ್ರೂ ಪರವಾಗಿಲ್ಲ" ಎಂದಳು. ಈ ಪ್ರಕರಣದ ಮೊದಲ ಕವಲು ಇಲ್ಲೇ. ಕೇಳಿದ್ದನ್ನು ಮಾಡಿ ಕಳಿಸಿದ್ದರೆ ಆಕೆಗೂ ಖುಷಿ, ಕೋಚ್‌ಗೂ ಖುಷಿ. ನಾನು ಎದ್ದು ಕೂರಿಸಿ ಮಾತಾಡಿಸಿದೆ.

ನೋವು ಯಾವಾಗ ಹೆಚ್ಚು? ಕ್ಲಾಸಿನಲ್ಲಿ ಗಟ್ಟಿ ಬೆಂಚಿನ ಮೇಲೆ ಕೂತಾಗ. ಬಸ್ಸಿನಲ್ಲಿ ದೂರ ಹೋದಾಗ. ಏರು ಹತ್ತುವ ಓಟದಲ್ಲಿ. ಬಗ್ಗಿ ಕಾಲು ಚಾಚಿ ಸ್ಟ್ರೆಚ್ ಮಾಡುವಾಗ. ಓಟ ಶುರುವಾದಾಗ ಕುಟುಕುತ್ತದೆ, ಮೈ ಬಿಸಿಯಾದ ಮೇಲೆ ಮಾಯವಾಗುತ್ತದೆ, ಮರುದಿನ ಬೆಳಿಗ್ಗೆ ಬಡ್ಡಿ ಸಮೇತ ಬರುತ್ತದೆ. ಎಲ್ಲಿ ನೋವು ತೋರಿಸು ಅಂದರೆ ಇಡೀ ಅಂಗೈ ಸವರಲಿಲ್ಲ, ಒಂದು ಬೆರಳಿಟ್ಟು ಮೂಳೆಯನ್ನೇ ತೋರಿಸಿದಳು. ಸ್ನಾಯು ಬಿಗಿಯಾದವರು ಹೀಗೆ ಹೇಳುವುದು ಅಪರೂಪ.

ಪರೀಕ್ಷೆ ಮಾಡಿದಾಗ ಮಾತಿಗೆ ಆಧಾರ ಸಿಕ್ಕಿತು. ಮಂಡಿ ಮಡಿಸಿ ಒಂಟಿ ಕಾಲಿನ ಬ್ರಿಡ್ಜ್ (ಅಂಗಾತ ಮಲಗಿ ಸೊಂಟ ಮೇಲೆತ್ತುವುದು) ಮಾಡಿಸಿದರೆ ನೋವಿಲ್ಲ. ಕಾಲು ಉದ್ದ ಚಾಚಿ ಅದನ್ನೇ ಮಾಡಿಸಿದರೆ ಹತ್ತಕ್ಕೆ ನಾಲ್ಕು. ಒಂಟಿ ಕಾಲಲ್ಲಿ ನಿಂತು ಸೊಂಟ ಬಾಗಿಸಿದರೆ ಆರು. ತೊಡೆಯ ಮಾಂಸದ ಭಾಗವನ್ನು ಎಷ್ಟು ಹಿಸುಕಿದರೂ ನೋವಿಲ್ಲ. ಸೊಂಟ, ಬೆನ್ನು, ಸಯಾಟಿಕ್ ನರದ ಪರೀಕ್ಷೆಗಳು ಸರಿಯಿದ್ದವು. ಕೋಚ್‌ಗೆ ತೋರಿಸಿದ ಮುಖ್ಯ ಅಂಶ ಇನ್ನೊಂದಿತ್ತು: ಬಿಗಿ ಎಂದು ಆಕೆ ದೂರುತ್ತಿದ್ದ ಎಡಗಾಲು ಬಲಗಾಲಿನಷ್ಟೇ ಎತ್ತರಕ್ಕೆ ಏಳುತ್ತಿತ್ತು. ಬಿಗಿತ ಇದ್ದದ್ದು ಅನಿಸಿಕೆಯಲ್ಲಿ, ಅಳತೆಗೆ ಅದು ಸಿಗಲಿಲ್ಲ.

ಅನುಮಾನ ಹೋಗಿದ್ದು ಹ್ಯಾಮ್‌ಸ್ಟ್ರಿಂಗಿನ ಮೇಲ್ತುದಿಯ ಸ್ನಾಯುರಜ್ಜುವಿನ ಮೇಲೆ. ಈ ರಜ್ಜು ಕೂರುವ ಮೂಳೆಗೆ ಅಂಟಿಕೊಂಡಿರುತ್ತದೆ. ಸೊಂಟ ಮುಂದಕ್ಕೆ ಬಾಗಿದಷ್ಟೂ ಅದು ಮೂಳೆಗೆ ಒತ್ತಿಕೊಳ್ಳುತ್ತದೆ, ಕೂತರೆ ಕುರ್ಚಿಗೂ ಮೂಳೆಗೂ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಕ್ರೀಡಾ ವೈದ್ಯರ ಬಳಿ ಕಳಿಸಿದೆ. ಎಂಆರ್‌ಐನಲ್ಲಿ ರಜ್ಜು ದಪ್ಪಗಾಗಿತ್ತು, ಹರಿದಿರಲಿಲ್ಲ, ಮೂಳೆಯಲ್ಲಿ ಬಿರುಕಿನ ಸುಳಿವಿರಲಿಲ್ಲ. ದೂರ ಓಡುವ ಹುಡುಗಿಯರಲ್ಲಿ ಈ ಜಾಗದ ನೋವಿಗೆ ಮೂಳೆಯ ಒತ್ತಡದ ಗಾಯವೂ ಕಾರಣವಾಗಬಹುದು. ಅದಕ್ಕೇ ವೈದ್ಯರು ಮುಟ್ಟು ಸರಿಯಾಗಿ ಆಗುತ್ತಿದೆಯೇ, ತರಬೇತಿಗೆ ತಕ್ಕಷ್ಟು ಊಟ ಆಗುತ್ತಿದೆಯೇ ಎಂದು ಬಿಡಿಸಿ ಕೇಳಿದರು. ಎರಡೂ ಸರಿಯಿತ್ತು. ಇಷ್ಟು ಕೇಳದೆ ಆ ಮೂಳೆಯ ಸುತ್ತ ಕೈ ಹಾಕುವುದನ್ನು ನಾನು ಒಪ್ಪುವುದಿಲ್ಲ.

ಗುರುವಾರ ಆಗಿದ್ದೇನು

ಆ ದಿನ ಆಕೆಯನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಹತ್ತು ನಿಮಿಷ ಮೀನಖಂಡ, ಮುಂದೊಡೆ, ಬೆನ್ನನ್ನು ಹಗುರವಾಗಿ ನೀವಿ, ಅಲುಗಾಡಿಸಿ ಬಿಟ್ಟೆ. ಎಡತೊಡೆಯ ಮೇಲ್ತುದಿ ಮುಟ್ಟಲಿಲ್ಲ. ಆಕೆಗೆ ಮೋಸ ಹೋದಂತೆ ಅನಿಸಿದ್ದು ಮುಖದಲ್ಲೇ ಕಾಣುತ್ತಿತ್ತು.

ಹೊರಡುವಾಗ ಕೇಳಿದ ಒಂದು ಪ್ರಶ್ನೆಯಿಂದ ಪ್ರಕರಣದ ದಿಕ್ಕೇ ಬದಲಾಯಿತು. "ಮಸಾಜ್ ಅಲ್ಲದೆ ನೀನೇ ಏನೇನು ಮಾಡ್ಕೋತೀಯ?" ಎಂದೆ. ರಾತ್ರಿ ಮೊಬೈಲ್ ನೋಡುತ್ತಾ ಗಟ್ಟಿ ರಬ್ಬರ್ ಚೆಂಡಿನ ಮೇಲೆ ಎಡಗಡೆ ಭಾರ ಹಾಕಿ ಕೂರುತ್ತಿದ್ದಳಂತೆ, ಅರ್ಧ ಗಂಟೆ. ನೋವು ಹೆಚ್ಚಿದ್ದ ದಿನ ಮಸಾಜ್ ಗನ್ ಅನ್ನು ಅದೇ ಮೂಳೆಯ ಮೇಲೆ ಹಿಡಿಯುತ್ತಿದ್ದಳಂತೆ. ಬೆಳಿಗ್ಗೆ, ಸಂಜೆ ಕಂಬಿಯ ಮೇಲೆ ಕಾಲಿಟ್ಟು ಬಾಗಿ ಸ್ಟ್ರೆಚ್. ಗುರುವಾರದ ಅಡ್ಡ ತಿಕ್ಕಾಟ ಬೇರೆ. ಅಂದರೆ ಒತ್ತಡ ತಾಳದ ರಜ್ಜುವಿಗೆ ದಿನದ ಮೂರು ಹೊತ್ತೂ ಒತ್ತಡ ಬೀಳುತ್ತಿತ್ತು, ಅದೂ ಚಿಕಿತ್ಸೆಯ ಹೆಸರಲ್ಲಿ. ಹುಣ್ಣಿನ ಹೆಕ್ಕಳವನ್ನು ದಿನಾ ಕೆರೆದು ಯಾಕೆ ಒಣಗುತ್ತಿಲ್ಲ ಎಂದು ಕೇಳಿದ ಹಾಗೆ.

ರಜ್ಜುವನ್ನು ಅಡ್ಡಡ್ಡ ತಿಕ್ಕುವ ವಿಧಾನಕ್ಕೆ ಹೆಸರು ತಂದುಕೊಟ್ಟವರು ಇಂಗ್ಲೆಂಡಿನ ಮೂಳೆ ವೈದ್ಯ ಜೇಮ್ಸ್ ಸಿರಿಯಾಕ್ಸ್. ಗಾಯದ ಜಾಗದಲ್ಲಿ ಎಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ತಿಕ್ಕಿದರೆ ಬಿಡಿಸಿಕೊಳ್ಳುತ್ತವೆ ಎಂಬುದು ಅವರ ತರ್ಕ. ಈ ವಿಧಾನ ಇವತ್ತಿಗೂ ಬಳಕೆಯಲ್ಲಿದೆ, ಕೆಲವರಿಗೆ ಸ್ವಲ್ಪ ಹೊತ್ತು ನೋವು ತಗ್ಗುವುದೂ ಉಂಟು. ಆದರೆ 2014ರಲ್ಲಿ ಬಂದ ಕಾಕ್ರೇನ್ ವಿಮರ್ಶೆ (ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ತೂಗಿ ನೋಡುವ ವರದಿ) ಮೊಣಕೈ ಮತ್ತು ಮಂಡಿಯ ಹೊರಬದಿಯ ರಜ್ಜು ನೋವಿಗೆ ಇದು ಉಪಯೋಗ ಎನ್ನಲು ಸಾಕಷ್ಟು ಆಧಾರ ಕಾಣಲಿಲ್ಲ. ಅಲ್ಲಿ ಲೆಕ್ಕಕ್ಕೆ ಸಿಕ್ಕ ಪ್ರಯೋಗಗಳೇ ಎರಡು, ಎರಡೂ ಸಣ್ಣವು. ಹ್ಯಾಮ್‌ಸ್ಟ್ರಿಂಗಿನ ಮೇಲ್ತುದಿಯಲ್ಲಂತೂ ತಿಕ್ಕುವುದೆಂದರೆ ರಜ್ಜುವನ್ನು ಮೂಳೆಗೇ ಒತ್ತಿ ತಿಕ್ಕಿದಂತೆ. ನಿಲ್ಲಿಸಿದೆವು. ಚೆಂಡು, ಗನ್, ಬಾಗುವ ಸ್ಟ್ರೆಚ್ ಕೂಡ ನಿಂತವು.

ಕೋಚ್ ಜತೆಗಿನ ಮಾತು

ಕಷ್ಟದ ಭಾಗ ಇದು. "ಮಸಾಜ್ ಬಿಟ್ರೆ ಲ್ಯಾಕ್ಟಿಕ್ ಆಸಿಡ್ ಹೋಗೋದು ಹೆಂಗೆ ಮೇಡಂ?" ಎಂದರು ಕೋಚ್. ಪ್ರಾಮಾಣಿಕವಾದ ಪ್ರಶ್ನೆ. ನಾನು ಹೇಳಿದ್ದಿಷ್ಟು: ಜೋರಾಗಿ ಓಡಿದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಸಿಡ್ ಎಂದು ಕೋಚ್ ಹೇಳಿದ್ದು ಇದನ್ನೇ) ಸುಮಾರು ಒಂದು ಗಂಟೆಯೊಳಗೆ ತಾನಾಗೇ ಇಳಿಯುತ್ತದೆ, ಹಗುರವಾಗಿ ಜಾಗಿಂಗ್ ಮಾಡಿದರೆ ಇನ್ನೂ ಬೇಗ. ಮರುದಿನದ ಮೈಕೈ ನೋವಿಗೂ ಅದಕ್ಕೂ ಸಂಬಂಧವಿಲ್ಲ. ಆ ನೋವು ರೂಢಿಯಿಲ್ಲದ ಭಾರಕ್ಕೆ ಸ್ನಾಯುವಿನ ಎಳೆಗಳಲ್ಲಾಗುವ ಸಣ್ಣ ಹಾನಿಯಿಂದ ಬರುತ್ತದೆ, ಒಂದರಿಂದ ಮೂರು ದಿನದ ನಡುವೆ ಜೋರಾಗಿರುತ್ತದೆ. 2010ರ ಒಂದು ಪ್ರಯೋಗದಲ್ಲಿ ಮುಷ್ಟಿ ಬಿಗಿಯುವ ವ್ಯಾಯಾಮದ ನಂತರ ಮುಂಗೈಗೆ ಮಸಾಜ್ ಮಾಡಿ ನೋಡಿದರು. ಒತ್ತುವಾಗ ರಕ್ತದ ಹರಿವು ತಡೆದು ಲ್ಯಾಕ್ಟೇಟ್ ಹೊರಹೋಗುವುದು ನಿಧಾನವೇ ಆಯಿತು.

ಹಾಗಂತ ಮಸಾಜ್ ದಂಡ ಎಂದು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. 2012ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ದಣಿಸುವ ವ್ಯಾಯಾಮ ಮಾಡಿಸಿ, ಒಂದು ತೊಡೆಗೆ ಹತ್ತು ನಿಮಿಷ ಮಸಾಜ್ ಮಾಡಿ, ಎರಡೂ ತೊಡೆಯಿಂದ ಸ್ನಾಯುವಿನ ಚೂರು ತೆಗೆದು ಹೋಲಿಸಿದರು. ಮಸಾಜ್ ಆದ ಕಾಲಿನಲ್ಲಿ ಉರಿಯೂತದ ಸಂಕೇತಗಳು ತಗ್ಗಿದ್ದವು. ಲ್ಯಾಕ್ಟೇಟಿನಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. 2020ರಲ್ಲಿ 29 ಅಧ್ಯಯನಗಳನ್ನು, ಒಟ್ಟು 1,012 ಜನರನ್ನು ಒಟ್ಟುಗೂಡಿಸಿದ ವಿಮರ್ಶೆಯೊಂದು ಬಂತು. ಅದರ ಪ್ರಕಾರ ಕ್ರೀಡಾ ಮಸಾಜಿನಿಂದ ಶಕ್ತಿ, ಜಿಗಿತ, ವೇಗ, ದಮ್ಮು ಹೆಚ್ಚುವುದಿಲ್ಲ. ಮೈ ಬಾಗುವುದು ಕೊಂಚ ಸುಧಾರಿಸುತ್ತದೆ, ನಂತರದ ನೋವು ಕೊಂಚ ತಗ್ಗುತ್ತದೆ. ಕೋಚ್ ಇದನ್ನೆಲ್ಲ ಕೇಳಿ, "ಹಂಗಾದ್ರೆ ಯಾಕ್ ಮಾಡಿಸ್ಬೇಕು?" ಅಂದರು. ನೋವು ಕೊಂಚ ತಗ್ಗುವುದು, ಕಾಲು ಸಡಿಲ ಅನಿಸುವುದು, ಮನಸ್ಸು ಇಳಿಯುವುದು ಸೀಸನ್ ನಡುವೆ ಸಣ್ಣ ಲಾಭವೇನಲ್ಲ. ಆ ಲಾಭ ಬೇಕಾದ ದಿನ ಸಿಗಬೇಕು, ಬೇಡದ ದಿನ ಅದರ ಬಾಕಿ ತೀರಿಸುವಂತಾಗಬಾರದು. ನನ್ನ ವಾದ ಇಷ್ಟೇ ಇತ್ತು.

ಗುರುವಾರದ ಮಸಾಜಿನ ಬಾಕಿ ಶನಿವಾರ ತೀರುತ್ತಿತ್ತು ಎಂಬುದು ನನ್ನ ಊಹೆ. ಮೊಣಕೈ ಊರಿ ಮಾಡುವ ಆಳದ ಮಸಾಜ್ ತಾನೇ ಒಂದೆರಡು ದಿನ ನೋವು ಉಳಿಸುತ್ತದೆ, ನೀಲಿಗಟ್ಟುವಷ್ಟಾದರೆ ಇನ್ನೂ ಹೆಚ್ಚು. ಅಂಥ ಕಾಲಿನಲ್ಲಿ ಎರಡನೇ ಸುತ್ತು ಓಡಿದರೆ ಭಾರವಾಗದೆ ಇನ್ನೇನಾದೀತು?

ಯಾವ ಮಸಾಜ್, ಯಾವಾಗ

ಆಮೇಲೆ ಮಾಡಿದ ಯೋಜನೆಯಲ್ಲಿ ಮೊದಲ ಪ್ರಶ್ನೆ ಎಲ್ಲಿ ನೋವು ಎಂಬುದಲ್ಲ. ಮುಂದಿನ ಜೋರಿನ ಓಟಕ್ಕೆ ಇನ್ನೆಷ್ಟು ಗಂಟೆ ಬಾಕಿ? ಉತ್ತರ ಬಂದ ಮೇಲೆ ಮಸಾಜಿನ ಬಗೆ ಹೆಚ್ಚುಕಡಿಮೆ ತಾನಾಗೇ ಗೊತ್ತಾಗುತ್ತದೆ.

ಎರಡು ದಿನಕ್ಕಿಂತ ಹೆಚ್ಚು ಬಾಕಿಯಿದ್ದರೆ ತರಬೇತಿ ಕಾಲದ ಮಸಾಜ್. ವಾರದ ಅತಿ ಕಠಿಣ ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಜೋರಾಗಿ ಓಡುವ ಅಭ್ಯಾಸ) ಮುಗಿದ ಸಂಜೆ ಅಥವಾ ಮರುದಿನಕ್ಕೆ ಇದನ್ನಿಟ್ಟೆವು. ನಾದುವುದು, ನಿಧಾನಕ್ಕೆ ಆಳಕ್ಕಿಳಿಯುವುದು, ಗಂಟಿನ ಮೇಲೆ ಒತ್ತಿ ಹಿಡಿಯುವುದು ಎಲ್ಲಕ್ಕೂ ಇಲ್ಲಿ ಜಾಗವಿದೆ. ಮಿತಿ ಒಂದೇ: ಉಸಿರು ಬಿಗಿಹಿಡಿಯುವಷ್ಟು ನೋವಾಗಬಾರದು. ಹಲ್ಲು ಕಚ್ಚಿಕೊಂಡು ಮಲಗಿದವಳ ಸ್ನಾಯು ಕೈಗೆ ಎದುರೊಡ್ಡುತ್ತದೆ, ಸಡಿಲವಾಗುವುದಿಲ್ಲ. ಹತ್ತಕ್ಕೆ ಐದು ದಾಟಿದರೆ ಹೇಳಬೇಕು ಎಂದು ಕರಾರು ಮಾಡಿಕೊಂಡೆವು. ಮೊದಮೊದಲು ಆಕೆ ಎಂಟಾದರೂ ಐದು ಎನ್ನುತ್ತಿದ್ದಳು. ಕಾಲ್ಬೆರಳು ಮುದುಡುವುದು ನೋಡಿ ನಾನೇ ಕೈ ಹಗುರ ಮಾಡುತ್ತಿದ್ದೆ.

ಒಂದು ದಿನಕ್ಕಿಂತ ಕಡಿಮೆ ಬಾಕಿಯಿದ್ದರೆ ಆಳ ಬಿಟ್ಟು ಬರೀ ಹಗುರ ನೀವಿಕೆ. ಓಟದ ದಿನದ ಮಸಾಜ್ ಹತ್ತು ನಿಮಿಷ ಮೀರುವುದಿಲ್ಲ. ಚುರುಕಾಗಿ ಉಜ್ಜುವುದು, ತಟ್ಟುವುದು, ಕಾಲನ್ನು ಹಿಡಿದು ಅಲುಗಿಸುವುದು. ಎಣ್ಣೆ ಬಳಸುವುದಿಲ್ಲ, ಬಟ್ಟೆಯ ಮೇಲಿಂದಲೇ ಆದೀತು. ಎಣ್ಣೆ ಹಚ್ಚಿದ ಚರ್ಮಕ್ಕೆ ಆಸರೆಗೆ ಹಚ್ಚುವ ಟೇಪ್ ಅಂಟುವುದಿಲ್ಲ. ಇದು ವಾರ್ಮ್‌ಅಪ್‌ಗೆ ಮೊದಲು ಮುಗಿಯಬೇಕು. ವಾರ್ಮ್‌ಅಪ್ ಬಿಡಿಸಿ ಬರೀ ಮಸಾಜ್ ಕೊಟ್ಟು ಓಡಿಸಿದ ಪ್ರಯೋಗದಲ್ಲಿ ವೇಗ ಕುಗ್ಗಿದ್ದೂ ಇದೆ. ಜತೆಗೆ ಕಾಲ್ ರೂಮ್ (ಓಟಕ್ಕೆ ಮುಂಚೆ ಓಟಗಾರರನ್ನು ಕರೆದು ಕೂರಿಸುವ ಕೋಣೆ) ಸೇರಿದ ಮೇಲೆ ಓಟಗಾರರ ಬಳಿಗೆ ಮಸಾಜಿನವರು ಹೋಗುವಂತಿಲ್ಲ. ಆದ್ದರಿಂದ ಗಡಿಯಾರವನ್ನು ಹಿಂದಿನಿಂದ ಎಣಿಸಿಕೊಂಡು ಬರಬೇಕು.

ಓಟ ಮುಗಿದ ಮೇಲಿನದು ಇನ್ನೊಂದು ಬಗೆ. ಮೊದಲು ಜಾಗಿಂಗ್, ನೀರು, ಏನಾದರೂ ತಿನ್ನುವುದು. ಬೆವರು ಆರಿದ ಮೇಲೆ ಪಾದದಿಂದ ಮೇಲ್ಮುಖವಾಗಿ ಉದ್ದುದ್ದ, ನಿಧಾನ, ಹಗುರ ನೀವಿಕೆ. ಸೆಳೆತ ಹಿಡಿದಿದ್ದರೆ ಮೊದಲು ಸ್ಟ್ರೆಚ್, ನಂತರ ಕೈ. ಇಲ್ಲಿ ಕೈಗೆ ಇನ್ನೊಂದು ಕೆಲಸವೂ ಇದೆ: ಎಲ್ಲಿ ಬಿಸಿಯಾಗಿದೆ, ಎಲ್ಲಿ ಊದಿದೆ, ಯಾವುದನ್ನು ಮುಟ್ಟಿದರೆ ಬೆಚ್ಚುತ್ತಾಳೆ ಎಂದು ನೋಡುವುದು. ಓಟ ಗೆದ್ದ ಖುಷಿಯಲ್ಲಿ ಗಾಯ ಬಚ್ಚಿಟ್ಟುಕೊಳ್ಳುವವರು ಸಿಕ್ಕಿಬೀಳುವುದು ಇಲ್ಲೇ.

ಗಾಯದ ಚೇತರಿಕೆಗೆ ಮಾಡುವ ಮಸಾಜ್ ಆಕೆಯ ಪಾಲಿಗೆ ತೀರ ಚಿಕ್ಕದಾಗಿತ್ತು. ತೊಡೆಯ ಮಾಂಸದ ಭಾಗ, ಪಿರ್ರೆಯ ಸ್ನಾಯುಗಳಿಗೆ ಕೆಲವು ನಿಮಿಷ. ಮೂಳೆಯಿಂದ ನಾಲ್ಕು ಬೆರಳು ಬಿಟ್ಟು. ಈ ಜಾಗದಲ್ಲಿ ಕೆಲಸ ಮಾಡುವಾಗ ಪ್ರತಿ ಸಲವೂ ಮೊದಲು ಕೇಳಿ, ಟವೆಲ್ ಹೊದಿಸಿ, ಬೇಕಿದ್ದರೆ ಜತೆಗಾರ್ತಿಯನ್ನು ಕೋಣೆಯಲ್ಲಿ ಕೂರಿಸಿಕೊಂಡೇ ಮುಂದುವರಿಯುತ್ತಿದ್ದೆ. ಹಿಂದೆ ಯಾರೂ ಹೀಗೆ ಕೇಳಿರಲಿಲ್ಲ ಎಂದು ಆಕೆ ಹೇಳಿದ್ದು ನನಗೆ ನೋವಿನ ಸಂಗತಿ.

ರಜ್ಜುವಿಗೆ ನಿಜವಾದ ಮದ್ದು ಭಾರ. ಮೊದಲು ಸೊಂಟ ಬಾಗಿಸದೆ ಅಲುಗಾಡದೆ ಹಿಡಿಯುವ ಬ್ರಿಡ್ಜ್. ಆಮೇಲೆ ಮಂಡಿ ಮಡಿಸಿ ತೂಕ ಎಳೆಯುವುದು. ವಾರಗಳು ಕಳೆದ ಮೇಲೆ ಸೊಂಟ ಬಾಗಿಸಿ ನೆಲದಿಂದ ತೂಕ ಎತ್ತುವ ಡೆಡ್‌ಲಿಫ್ಟ್, ಕೊನೆಗೆ ಜಿಗಿತ ಮತ್ತು ಏರು ಓಟ. ವ್ಯಾಯಾಮದಲ್ಲಿ ನೋವು ಹತ್ತಕ್ಕೆ ಮೂರರೊಳಗಿದ್ದು, 24 ಗಂಟೆಯೊಳಗೆ ಮೊದಲಿನಂತಾದರೆ ಮುಂದಿನ ಮೆಟ್ಟಿಲು, ಇಲ್ಲವಾದರೆ ಇದ್ದಲ್ಲೇ ಇರುವುದು. ಕೂರಲು ಮೆತ್ತೆ, ಬಸ್ಸಿನಲ್ಲಿ ಆಗಾಗ ಎದ್ದು ನಿಲ್ಲುವುದು.

ನಡೆದದ್ದು

ಮೊದಲ ಶನಿವಾರದ ಓಟ ಏನನ್ನೂ ಸಾಬೀತು ಮಾಡಲಿಲ್ಲ. ಸಾಧಾರಣ ಸಮಯ. ಕಾಲು ಭಾರವಿರಲಿಲ್ಲ ಎಂದಳು, ಆದರೆ "ಏನೋ ಕಡಿಮೆಯಾದಂಗೆ ಇತ್ತು" ಎಂದೂ ಸೇರಿಸಿದಳು. ಮೂರು ನಾಲ್ಕು ವಾರದಲ್ಲಿ ಕೂತಾಗಿನ ನೋವು ಇಳಿಯಿತು. ಮಸಾಜಿನ ಫಲ ಅನ್ನುವುದಕ್ಕಿಂತ ಚೆಂಡು, ಗನ್, ತಿಕ್ಕಾಟ ನಿಂತದ್ದರ ಫಲ ಇದು ಎಂದೇ ನನ್ನ ಅಂದಾಜು.

ನಡುವೆ ಒಂದು ಹಿನ್ನಡೆ. ಮುಖ್ಯವಾದ ಮೀಟೊಂದಕ್ಕೆ ಎರಡು ದಿನ ಮೊದಲು ಆಕೆ ಯಾರಿಗೂ ಹೇಳದೆ ಹಳೆಯ ಜಾಗಕ್ಕೆ ಹೋಗಿ ಗಂಟೆಗಟ್ಟಲೆ ಒತ್ತಿಸಿಕೊಂಡು ಬಂದಳು. ಭಯ, ಅಷ್ಟೇ. ದೊಡ್ಡ ಓಟ, ಕೈಬಿಟ್ಟ ಅಭ್ಯಾಸ, ಏನಾದೀತೋ ಎಂಬ ದಿಗಿಲು. ಮರುದಿನ ಬೆಳಗಿನ ನೋವು ಆರಕ್ಕೇರಿತು. ಓಟದಲ್ಲಿ ಐನೂರು ಮೀಟರಿನ ಹಳೆಯ ಕಥೆಯೇ. ತಾನೇ ಬಂದು ಹೇಳಿದಳು. ಕೋಚ್ ಬೈಯಲು ಹೊರಟಿದ್ದರು, ನಾನು ತಡೆದೆ. ಬೈದರೆ ಮುಂದಿನ ಸಲ ಹೇಳುವುದಿಲ್ಲ. ಅದರ ಬದಲು ಮೂವರೂ ಕೂತು ಆಕೆಯ ತರಬೇತಿ ಡೈರಿಯ ಹಿಂದಿನ ಪುಟಗಳನ್ನು ತಿರುವಿದೆವು. ಕಾಲು ಭಾರ ಎಂದು ಬರೆದ ಓಟಗಳನ್ನೆಲ್ಲ ಆಕೆಯೇ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದಳು. ಒಂದನ್ನು ಬಿಟ್ಟರೆ ಎಲ್ಲದರ ಹಿಂದೆಯೂ ಗುರುವಾರದ ಮಸಾಜ್ ಇತ್ತು. ಆ ಒಂದು ಓಟಕ್ಕೆ ಹಿಂದಿನ ದಿನ ಜ್ವರ.

ಕೋಚ್ ಒಲಿದದ್ದು ಆ ಕೆಂಪು ಗುರುತುಗಳಿಗೆ. ನನ್ನ ಅಧ್ಯಯನದ ಮಾತುಗಳಿಗಲ್ಲ. ಇಲ್ಲಿ ಒಂದು ಎಚ್ಚರ ಹೇಳಲೇಬೇಕು: ಆಳದ ಮಸಾಜಿನ ಮರುದಿನವೂ, ಮಸಾಜಿಲ್ಲದ ದಿನವೂ ಆಕೆಯ ಜಿಗಿತದ ಎತ್ತರ ಅಳೆದಿದ್ದೆವು. ವ್ಯತ್ಯಾಸ ಹೇಳುವಂಥದ್ದೇನೂ ಇರಲಿಲ್ಲ. ಕಾಲು ಭಾರವೆನಿಸಿದ್ದು ನೋವಿನಿಂದಲೋ, ಅನಿಸಿಕೆಯಿಂದಲೋ, ಹಿಂದಿನ ಕೆಟ್ಟ ಓಟಗಳ ನೆನಪಿನಿಂದಲೋ ಎಂದು ಒಬ್ಬಳ ಪ್ರಕರಣದಿಂದ ಬಿಡಿಸಿ ಹೇಳಲಾಗದು. 800 ಮೀಟರಿನಲ್ಲಿ ಅನಿಸಿಕೆಯೂ ಓಟದ ಭಾಗವೇ.

ಮುಟ್ಟದೆ ಬಿಟ್ಟ ರಾತ್ರಿ

ಚಾಂಪಿಯನ್‌ಶಿಪ್‌ಗೆ ಹೊರಟು ಇಡೀ ದಿನ ಪ್ರಯಾಣ ಮಾಡಿ ತಲುಪಿದ ರಾತ್ರಿ, "ಬಲಗಾಲಿನ ಮೀನಖಂಡ ಹಿಡ್ಕೊಂಡಿದೆ ಮೇಡಂ, ಐದು ನಿಮಿಷ ಒತ್ತಿಕೊಡಿ" ಎಂದು ಬಂದಳು. ಕೂತು ಕೂತು ಹಿಡಿದುಕೊಂಡಿರಬೇಕು ಎಂದು ಯಾರಿಗಾದರೂ ಅನಿಸುವಂಥದ್ದೇ. ಮುಟ್ಟಿದರೆ ಬಿಸಿ. ಟೇಪ್ ಹಿಡಿದು ಅಳೆದರೆ ಎಡಗಾಲಿಗಿಂತ ಎರಡು ಸೆಂಟಿಮೀಟರಿನಷ್ಟು ದಪ್ಪ. ರಕ್ತ ಹೆಪ್ಪುಗಟ್ಟಿರಬಹುದೇ ಎಂದು ತೂಗಿ ನೋಡುವಾಗ ವೈದ್ಯರು ಎಣಿಸುವ ಅಂಶಗಳಲ್ಲಿ ಎರಡೂ ಮೀನಖಂಡಗಳ ನಡುವೆ 3 ಸೆಂಟಿಮೀಟರಿಗಿಂತ ಹೆಚ್ಚಿನ ವ್ಯತ್ಯಾಸವೂ ಒಂದು. ಆಕೆಯದು ಅಷ್ಟಿರಲಿಲ್ಲ. ಆದರೆ ದೀರ್ಘ ಪ್ರಯಾಣ, ಒಂದೇ ಕಾಲು, ಬಿಸಿ, ಊತ. ಸಾಲದ್ದಕ್ಕೆ ಮುಟ್ಟು ಮುಂದೂಡಲು ಹಾರ್ಮೋನ್ ಮಾತ್ರೆ ನುಂಗುತ್ತಿದ್ದಳು ಎಂದು ಕೇಳಿದ ಮೇಲೆ ಗೊತ್ತಾಯಿತು.

ಕೈ ಹಾಕಲಿಲ್ಲ. ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಒತ್ತಿದಾಗ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ತಂಡದ ವೈದ್ಯರಿಗೆ ಫೋನ್ ಮಾಡಿ ಆಸ್ಪತ್ರೆಗೆ ಕಳಿಸಿದೆ. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಹಿಂದಿನ ದಿನದ ಅಭ್ಯಾಸದಲ್ಲಿ ಇನ್ನೊಬ್ಬಳ ಸ್ಪೈಕ್ಸ್ (ಮೊಳೆಯಿರುವ ಓಟದ ಬೂಟು) ಹಿಂದಿನಿಂದ ತಾಗಿತ್ತಂತೆ, ಒಳಗೆ ಸ್ವಲ್ಪ ರಕ್ತ ಕಟ್ಟಿತ್ತು. ಅದಕ್ಕೂ ಮಸಾಜ್ ಬೇಡ ಎಂದೇ ವೈದ್ಯರ ಸಲಹೆ. ನಿದ್ದೆ ಕೆಟ್ಟಿತೆಂದು ಕೋಚ್ ಗೊಣಗಿದರು. ಗೊಣಗಲಿ. ಇಂಥ ರಾತ್ರಿ ಮತ್ತೆ ಬಂದರೂ ಹೀಗೇ ಮಾಡುತ್ತೇನೆ.

ಮೂರು ಸುತ್ತುಗಳು

ಹೀಟ್ಸ್ (ಮೊದಲ ಸುತ್ತು) ಒಂದು ದಿನ, ಸೆಮಿಫೈನಲ್ ಮರುದಿನ, ಒಂದು ದಿನ ಬಿಟ್ಟು ಫೈನಲ್. ಸುತ್ತುಗಳ ನಡುವಿನ ಮಸಾಜ್ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ, ಕೈ ತಪ್ಪುವುದು ಮಾತ್ರ ಹೆಚ್ಚಾಗಿ ಅಲ್ಲೇ. ಹೀಟ್ಸಿನಲ್ಲಿ ನೋವು ತಿಂದ ಓಟಗಾರರು ಸಂಜೆ ಜೋರಾಗಿ ಒತ್ತಿ ಎಂದು ದುಂಬಾಲು ಬೀಳುತ್ತಾರೆ. ನಾಳೆ ಬೆಳಿಗ್ಗೆಯೇ ಮತ್ತೆ ಓಟವಿರುತ್ತದೆ. ಆಕೆಗೆ ಜಾಗಿಂಗ್, ಊಟ ಆದ ಮೇಲೆ ಹದಿನೈದು ನಿಮಿಷ ಹಗುರ ನೀವಿಕೆ ಮಾತ್ರ ಕೊಟ್ಟೆ, ಪೆಟ್ಟು ಬಿದ್ದ ಮೀನಖಂಡ ಬಿಟ್ಟು. ಅರ್ಧದಲ್ಲೇ ನಿದ್ದೆ ಹೋದಳು.

ಸೆಮಿಫೈನಲ್ ದಿನ ವೇಳಾಪಟ್ಟಿ ಹಿಂದುಮುಂದಾಯಿತು. ವಾರ್ಮ್‌ಅಪ್ ಜಾಗದಲ್ಲಿ ಮೇಜು ಹಾಕಲು ಎಡೆಯಿರಲಿಲ್ಲ, ಕಾಲ್ ರೂಮ್ ಸಮಯ ಹತ್ತಿರವಾಗಿತ್ತು. ಇರುವ ಹತ್ತು ನಿಮಿಷ ಮಸಾಜಿಗೋ, ಡ್ರಿಲ್ಸ್ ಮತ್ತು ಸ್ಟ್ರೈಡ್ಸ್‌ಗೋ (ವಾರ್ಮ್‌ಅಪ್ಪಿನ ಕಾಲಿನ ಕಸರತ್ತು, ಚಿಕ್ಕ ಚುರುಕು ಓಟ)? ಆಕೆ ನನ್ನ ಮುಖ ನೋಡಿದಳು. "ಓಡು" ಎಂದೆ. ಮಸಾಜ್ ಇಲ್ಲದೆ ಆಕೆ ಓಡಿದ ಮೊದಲ ದೊಡ್ಡ ಓಟ ಅದು. ಆ ಸೀಸನ್ನಿನ ತನ್ನ ಅತ್ಯುತ್ತಮ ಸಮಯದಲ್ಲಿ ಮುಗಿಸಿ ಫೈನಲ್ ಸೇರಿದಳು. ಮಸಾಜ್ ಇಲ್ಲದ್ದಕ್ಕೇ ಚೆನ್ನಾಗಿ ಓಡಿದಳು ಎಂದು ನಾನು ಹೇಳಲಾರೆ. ಇಲ್ಲದೆಯೂ ಓಡಬಲ್ಲೆ ಎಂದು ಆಕೆಗೆ ಗೊತ್ತಾಯಿತು ಎಂದಷ್ಟೇ ಹೇಳಬಲ್ಲೆ. ಫೈನಲ್‌ನಲ್ಲಿ ಪದಕ ಬರಲಿಲ್ಲ. ಕೊನೆಯ ನೂರು ಮೀಟರಿನಲ್ಲಿ ಇಬ್ಬರು ದಾಟಿಹೋದರು, ಅವರು ಆಕೆಗಿಂತ ವೇಗದವರು.

ಬೇರೆಯವರಿಗೆ ಉಪಯೋಗವಾಗಬಹುದಾದದ್ದು

ಕೋಚ್ ಕೇಳಿದ್ದು ಎರಡನೇ ಮಸಾಜ್. ಕೊಟ್ಟಿದ್ದು ಇದ್ದ ಒಂದರ ದಿನ ಬದಲಾವಣೆ. ಬಿಗಿ ಎಂಬ ಮಾತು ಕೇಳಿದ ಕೂಡಲೇ ಕೈ ಹಾಕದೆ ಎರಡೂ ಕಾಲು ಎತ್ತಿ ಅಳೆದದ್ದು ಈ ಪ್ರಕರಣದಲ್ಲಿ ಹೆಚ್ಚು ಲಾಭ ಕೊಟ್ಟ ಕೆಲಸ, ಅದಕ್ಕೆ ಹಿಡಿದದ್ದು ಎರಡು ನಿಮಿಷ. ಮನೆಯಲ್ಲಿ, ಹಾಸ್ಟೆಲಿನಲ್ಲಿ ಕ್ರೀಡಾಪಟು ತಾನೇ ಏನು ಮಾಡಿಕೊಳ್ಳುತ್ತಾಳೆ ಎಂದು ಕೇಳುವುದನ್ನು ಹಲವರು ಮರೆಯುತ್ತಾರೆ. ಗನ್, ರೋಲರ್, ಚೆಂಡು ಎಲ್ಲರ ಬ್ಯಾಗಿನಲ್ಲೂ ಇರುವ ಈ ಕಾಲದಲ್ಲಿ ನಾವು ಮೇಜಿನ ಮೇಲೆ ಮಾಡುವ ಒಂದು ಗಂಟೆಗಿಂತ ಅವರು ಹಾಸಿಗೆಯ ಮೇಲೆ ಮಾಡಿಕೊಳ್ಳುವುದೇ ಜಾಸ್ತಿ. ಇನ್ನು ರಜ್ಜುವಿನ ನೋವು ಪೂರ್ತಿ ಇಳಿಯಲು ಐದು ತಿಂಗಳ ಮೇಲೆ ಹಿಡಿಯಿತು. ಅಷ್ಟೂ ಕಾಲ ಆಕೆ ಓಡುತ್ತಲೇ ಇದ್ದಳು ಎಂಬುದನ್ನು ಕೋಚ್‌ಗಳು ಗಮನಿಸಬೇಕು. ಪೂರ್ತಿ ವಿಶ್ರಾಂತಿ ಕೊಟ್ಟಿದ್ದರೆ ನೋವು ಬೇಗ ಇಳಿಯುತ್ತಿತ್ತು, ಓಡತೊಡಗಿದ ಕೂಡಲೇ ಮರಳುತ್ತಿತ್ತು; ಈ ರಜ್ಜುಗಳ ಸ್ವಭಾವ ಅದು.

ಈಗ ತಂಡದಲ್ಲಿ ಮಸಾಜಿಗೆ ಹೆಸರು ಬರೆಸುವ ಪುಸ್ತಕದಲ್ಲಿ ಒಂದು ಹೊಸ ಕಾಲಮ್ ಇದೆ: ಮುಂದಿನ ಜೋರಿನ ಓಟ ಯಾವ ದಿನ, ಎಷ್ಟು ಹೊತ್ತಿಗೆ. ಅದನ್ನು ತುಂಬದವರ ಸರದಿ ಬರುವುದಿಲ್ಲ. ಉದ್ದ ಜಿಗಿತದವರು, ಎಸೆತದವರು ಇದು ನಮಗೆ ಹೊಂದುವುದಿಲ್ಲ ಎಂದು ತಕರಾರು ತೆಗೆದಿದ್ದಾರೆ. ಎಸೆತದವರದ್ದು ನ್ಯಾಯವೇ, ಅವರ ಭುಜದ ಲೆಕ್ಕ ಬೇರೆ. ಅವರಿಗೆ ಬೇರೆ ಪಟ್ಟಿ ಮಾಡುತ್ತಿದ್ದೇವೆ. ಆಕೆ ಮಾತ್ರ ಮಂಗಳವಾರದ ಇಂಟರ್ವಲ್ ಮುಗಿಸಿ ಸಂಜೆ ಬರುತ್ತಾಳೆ, ಮೊದಲಿನ ಹಾಗೇ "ಇನ್ನೂ ಸ್ವಲ್ಪ ಜೋರಾಗಿ ಮೇಡಂ" ಎನ್ನುತ್ತಾಳೆ. ಮಂಗಳವಾರವಾದ್ದರಿಂದ ನಾನೂ ಸ್ವಲ್ಪ ಜೋರಾಗಿಯೇ ಒತ್ತುತ್ತೇನೆ.